ಸೈಕಲ್ಲಲ್ಲದ ಸೈಕಲ್ಲು

ನೀರು ಸರಬರಾಜು ಕಚೇರಿಯ ದೂರು ವಿಭಾಗದ ಹೆಡ್ ಗುಮಾಸ್ತರಿಗೆ ತಂದೆತಾಯಿ ಇಟ್ಟ ಹೆಸರೊಂದು ಇತ್ತು. ಆದರೆ ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಅದನ್ನು ಯಾರೂ ಬಳಸಿದ್ದಿಲ್ಲ. ಉಳಿದ ದಿನಗಳಲ್ಲಿ ಅವರು ಎಲ್ಲರ ಬಾಯಲ್ಲೂ ನಿಯಮಪ್ಪ. ನಲ್ಲಿಯ ಗೋಳು ಹೇಳಿಕೊಂಡು ಯಾರಾದರೂ ಅವರ ಕಿಟಕಿಗೆ ಬಂದರೆ ಮೊದಲ ಪ್ರಶ್ನೆ, "ನೀರು ಬರ್ತಿಲ್ಲವೋ, ಕಮ್ಮಿ ಬರ್ತಿದೆಯೋ? ಬರ್ತಿಲ್ಲ ಅನ್ನೋದಾದ್ರೆ ಪಕ್ಕದ ಕಿಟಕಿ, ಕಮ್ಮಿ ಅನ್ನೋದಾದ್ರೆ ಈ ಕಿಟಕಿ." ಬೆಳಿಗ್ಗೆ ಕಮ್ಮಿ ಬರುತ್ತೆ, ಸಂಜೆ ಬರೋದೇ ಇಲ್ಲ ಎಂದು ಯಾರಾದರೂ ಬಾಯಿ ತಪ್ಪಿ ಹೇಳಿಬಿಟ್ಟರೆ ನಿಯಮಪ್ಪನವರ ಮುಖ ಬಾಡುತ್ತಿತ್ತು. "ನೀವು ಮೊದಲು ಮನೇಲಿ ಕೂತು ಒಂದು ತೀರ್ಮಾನಕ್ಕೆ ಬನ್ನಿ, ಆಮೇಲೆ ಇಲ್ಲಿಗೆ ಬನ್ನಿ" ಎಂದು ನಿಜವಾದ ಮರುಕದಿಂದಲೇ ಕಳಿಸುತ್ತಿದ್ದರು. ಪ್ರಪಂಚದ ಪ್ರತಿಯೊಂದು ವಸ್ತುವೂ ಯಾವುದಾದರೂ ಒಂದು ಕಿಟಕಿಗೆ ಸೇರಿರಲೇಬೇಕು ಎನ್ನುವುದು ಅವರ ಗಾಢವಾದ ನಂಬಿಕೆ.

ಇಂಥವರ ಬದುಕಿನೊಳಗೆ ಸೈಕಲ್ಲು ನುಗ್ಗಿದ್ದು ಷಡ್ಡಕನ ದೆಸೆಯಿಂದ.

ಷಡ್ಡಕ ಅಂದರೆ ಹೆಂಡತಿಯ ತಂಗಿಯ ಗಂಡ, ಗುಡ್ಡದೂರಿನ ಬ್ಯಾಂಕಿನಲ್ಲಿ ಮ್ಯಾನೇಜರು. ಅವನ ಮನೆ ಇರುವುದು ಒಂದು ಕಡಿದಾದ ಏರಿನ ತುದಿಯಲ್ಲಿ. ಅತ್ತೆ ಮಾವ ಇರುವುದೂ ಅವನ ಜೊತೆಗೇ. ಮುಂಜಾನೆ ಎದ್ದು ಆ ಏರನ್ನು ಓಡುತ್ತ ಹತ್ತಿ ಇಳಿಯುವುದು, ಮಣಿಕಟ್ಟಿನ ಗಡಿಯಾರ ನೋಡಿಕೊಂಡು ತನ್ನ ಎದೆಬಡಿತವನ್ನು ಬೀದಿಗೆಲ್ಲ ಕೇಳುವಂತೆ ಹೇಳುವುದು ಅವನ ಚಟ. ಹಿಂದಿನ ಸಲ ಹೋದಾಗ ನಿಯಮಪ್ಪನವರಿಗೆ ಆ ಏರಿನ ಮಧ್ಯದಲ್ಲಿ ಉಸಿರು ಸಿಕ್ಕಿಕೊಂಡಿತು. ದೀಪದ ಕಂಬ ಹಿಡಿದು ನಿಂತರು. ಸುಮ್ಮನೆ ನಿಂತರೆ ಮರ್ಯಾದೆಯಲ್ಲವೆಂದು ನೆಲದತ್ತ ಬಗ್ಗಿ, "ಇಲ್ಲೆಲ್ಲೋ ವಾಲ್ವ್ ಸೋರ್ತಿರೋ ಹಾಗಿದೆಯಲ್ಲ" ಎಂದು ಇಲಾಖೆಯ ದನಿಯಲ್ಲಿ ಹೇಳಿದರು.

"ಸೋರ್ತಿರೋದು ರಸ್ತೆ ವಾಲ್ವ್ ಅಲ್ಲ ಭಾವ, ನಿಮ್ಮ ಎದೇದು" ಎಂದ ಷಡ್ಡಕ.

ಅತ್ತೆ ನಕ್ಕರು. ನಾದಿನಿ ನಕ್ಕಳು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಎಲ್ಲರಿಗಿಂತ ಜಾಸ್ತಿ ನಕ್ಕಳು. ನಿಯಮಪ್ಪನವರ ಬಾಯಿಂದ ಆಗ ಹೊರಟ ಮಾತನ್ನು ಅವರೇ ತಡೆಯುವಷ್ಟರಲ್ಲಿ ತಡವಾಗಿತ್ತು. "ಮುಂದಿನ ಸಲ ಬಂದಾಗ ಈ ಏರನ್ನ ಸೈಕಲ್ ಮೇಲೆ ಹತ್ತಿ ತೋರಿಸ್ತೀನಿ. ಆಗ ನಗಿ."

ಹೀಗೆ ಅವರು ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿದರು. ಅಂಗಡಿಯವನು ಮುಖ ನೋಡಿಯೇ ಗಿರಾಕಿಯ ತೂಕ ತಿಳಿಯುವಂಥವನು. "ಇದು ಬರೀ ಸೈಕಲ್ಲಲ್ಲ ಸಾರ್, ಗುಡ್ಡ ಹತ್ತೋ ಸೈಕಲ್ಲು. ಅದರಲ್ಲೂ ಬಿಚ್ಚೋ ಸೈಕಲ್ಲು" ಎಂದವನೇ ಮೂರು ಹಿಡಿಗಳನ್ನು ಸಡಿಲಿಸಿದ. ಮುಂದಿನ ಚಕ್ರ ಕೈಗೆ ಬಂತು, ಹಿಂದಿನ ಚಕ್ರ ಬಂತು, ಚೌಕಟ್ಟು ಸೊಂಟದಲ್ಲಿ ಎರಡಾಯಿತು. ಎಲ್ಲವನ್ನೂ ಚೀಲಕ್ಕೆ ತುರುಕಿ ಜಿಪ್ ಎಳೆದು ಕೇಳಿದ, "ಈಗ ಹೇಳಿ ಸಾರ್, ಸೈಕಲ್ ಎಲ್ಲಿದೆ?"

ನಿಯಮಪ್ಪನವರು ಸುತ್ತಲೂ ನೋಡಿದರು. "ಇಲ್ಲ."

"ಇಲ್ಲ ತಾನೆ? ಈಗಿದು ಲಗೇಜು. ರೈಲಲ್ಲಿ ಯಾವನೂ ಕೇಳೋ ಹಾಗಿಲ್ಲ."

ಈ ಮಾತು ನಿಯಮಪ್ಪನವರ ಎದೆಯೊಳಗೆ ನೇರವಾಗಿ ಇಳಿಯಿತು. ಒಂದೇ ವಸ್ತು ಬೇಕಾದಾಗ ಈ ಕಿಟಕಿ, ಬೇಡವಾದಾಗ ಆ ಕಿಟಕಿ! ಚೌಕಾಸಿ ಮಾಡುವುದನ್ನೂ ಮರೆತು ಚೀಲ ಹೊತ್ತು ಮನೆಗೆ ಬಂದರು. ಹೆಂಡತಿ ಚೀಲವನ್ನು ಕಾಲಿನಿಂದ ಮೆಲ್ಲಗೆ ಒತ್ತಿ ನೋಡಿದಳು.

"ಏನ್ರೀ ಇದು?"

"ಸೈಕಲ್ಲು."

"ಮುರಿದಿರೋದನ್ನ ಯಾಕ್ರೀ ತಂದ್ರಿ?"

ಮಾವನ ಆರೋಗ್ಯ ವಿಚಾರಿಸಿಕೊಂಡು ಬರುವ ನೆಪದಲ್ಲಿ ಗುಡ್ಡದೂರಿಗೆ ಟಿಕೆಟ್ ಆಯಿತು. ಹೊರಡುವ ಹಿಂದಿನ ದಿನ ನಿಯಮಪ್ಪನವರು ಅಂಗಳದಲ್ಲಿ ಚಾಪೆ ಹಾಸಿ, ಸೈಕಲ್ಲನ್ನು ನಿಲ್ಲಿಸಿ, ಮೂರು ಹಿಡಿಗಳನ್ನು ಸಡಿಲಿಸಿ ಹೆಮ್ಮೆಯಿಂದ ಬೆವರು ಒರೆಸಿಕೊಂಡರು. ಕಾಂಪೌಂಡ್ ಗೋಡೆಯ ಮೇಲೆ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರ ತಲೆ ಮೂಡಿತು.

"ಇಷ್ಟೇನಾ?" ಎಂದಿತು ಆ ತಲೆ.

"ಇಷ್ಟೇ. ಇಷ್ಟಕ್ಕೇ ಬಿಚ್ಚಿದ ಹಾಗೆ."

"ಏನ್ರೀ ನೀವು! ಚಕ್ರ ತೆಗೆದ್ರೆ ಬಿಚ್ಚಿದ ಹಾಗಾಯ್ತೇ? ನೋಡಿದೋನು ದೂರದಿಂದಲೇ ಸೈಕಲ್ಲು ಅಂತಾನೆ. ಬಿಚ್ಚೋದು ಅಂದ ಮೇಲೆ ಹೆತ್ತ ಕಂಪನಿಗೂ ಗುರುತು ಸಿಗಬಾರದು. ಆ ಸ್ಪ್ಯಾನರ್ ಇತ್ತ ತನ್ನಿ."

ಮೇಷ್ಟ್ರು ಗೋಡೆ ಹಾರಿಯೇ ಬಂದರು. ಪೆಡಲು ಹೋಯಿತು. ಸೀಟು ಹೋಯಿತು. ಚೈನು, ಬ್ರೇಕು, ಗಂಟೆ, ಮಡ್‌ಗಾರ್ಡು ಒಂದರ ಹಿಂದೊಂದು ಚಾಪೆಯ ಮೇಲೆ ಮಲಗಿದವು. "ಒಂದು! ಎರಡು! ತಿರುಗಿಸಿ! ಎಳೀರಿ!" ಎಂದು ಮೇಷ್ಟ್ರು ಕವಾಯತು ಮಾಡಿಸುತ್ತಿದ್ದರೆ ಬೀದಿಯವರೆಲ್ಲ ಗೇಟಿನ ಬಳಿ ಸೇರಿದರು. ಹಾಲು ಮಾರುವವಳು ಒಂದು ಚಕ್ರದ ಕಡ್ಡಿಯನ್ನು ಮೀಟಿ ನೋಡಿ ಶ್ರುತಿ ಸರಿಯಿಲ್ಲವೆಂದಳು. ಹೊತ್ತು ಇಳಿಯುವ ವೇಳೆಗೆ ಅಂಗಳದಲ್ಲಿ ಸೈಕಲ್ಲಿನ ಮರಣೋತ್ತರ ಪರೀಕ್ಷೆ ಮುಗಿದಂತಿತ್ತು. ಆಗ ತಿಳಿದ ಸತ್ಯವೆಂದರೆ, ಅರ್ಧ ಬಿಚ್ಚಿದ ಸೈಕಲ್ಲು ಚೀಲಕ್ಕೆ ಹಿಡಿಯುತ್ತದೆ, ಪೂರ್ತಿ ಬಿಚ್ಚಿದ್ದು ಹಿಡಿಯುವುದಿಲ್ಲ. ಮಿಕ್ಕಿ ಉಳಿದ ಬ್ರೇಕುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಹೆಂಡತಿಯ ಬಟ್ಟೆಪೆಟ್ಟಿಗೆಯೊಳಗೆ ಇಡಬೇಕಾಯಿತು.

"ಎಣ್ಣೆ ಹತ್ತಿದ್ರೆ ನೋಡಿ ಮತ್ತೆ" ಎಂದಳು ಹೆಂಡತಿ.

"ಎಣ್ಣೆ ಹತ್ತೋಕೆ ಅದೀಗ ಸೈಕಲ್ಲಲ್ಲ ಕಣೇ. ಲಗೇಜು."

ರೈಲು ನಿಲ್ದಾಣದಲ್ಲಿ ಮೊದಲಿಗೆ ಎಲ್ಲ ಸುಸೂತ್ರವಾಗಿಯೇ ನಡೆಯಿತು. ಹೆಂಡತಿ ಪೆಟ್ಟಿಗೆ, ಬುತ್ತಿ, ಗಂಡನ ಫೋನು ಎಲ್ಲವನ್ನೂ ತೆಗೆದುಕೊಂಡು ಹೋಗಿ ಬೋಗಿಯ ಕಿಟಕಿ ಪಕ್ಕ ಕೂತಳು. ಹಿಂದಿನಿಂದ ನಿಯಮಪ್ಪನವರು ಚೀಲ ಹೊತ್ತು ಬಾಗಿಲ ಮೆಟ್ಟಿಲಿಗೆ ಕಾಲಿಟ್ಟರು. ಚೀಲದೊಳಗಿನ ಗಂಟೆ 'ಟ್ರಿಣ್' ಎಂದಿತು.

ಬಾಗಿಲಲ್ಲಿ ನಿಂತಿದ್ದ ಕಪ್ಪು ಕೋಟಿನ ಟಿಕೆಟ್ ಕಲೆಕ್ಟರು ತಲೆಯೆತ್ತಿದರು.

"ಚೀಲದಲ್ಲಿ ಏನು? ಸೈಕಲ್ಲಾ?"

"ಅಲ್ಲ."

"ಗಂಟೆ ಹೊಡೀತಲ್ರೀ."

"ಗಂಟೆ ಇದ್ದದ್ದೆಲ್ಲ ಸೈಕಲ್ಲಾದ್ರೆ ನಿಮ್ಮ ಸ್ಟೇಷನ್ನೂ ಸೈಕಲ್ಲೇ" ಎಂದರು ನಿಯಮಪ್ಪನವರು. ಈ ಮಾತು ಆಡದೆ ಇದ್ದಿದ್ದರೆ ಕತೆ ಇಲ್ಲಿಗೆ ಮುಗಿಯುತ್ತಿತ್ತು.

ಕಲೆಕ್ಟರು ಅವರನ್ನು ಮೆಟ್ಟಿಲಿನಿಂದ ಕೆಳಗಿಳಿಸಿ, ಜಿಪ್ಪು ಎಳೆಸಿ, ಒಳಗೆ ಇಣುಕಿದರು. ಬೋರ್ಡಿನತ್ತ ಬೆರಳು ಮಾಡಿದರು. ಸೈಕಲ್ಲುಗಳನ್ನು ಬೋಗಿಯೊಳಗೆ ಒಯ್ಯಕೂಡದು, ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡತಕ್ಕದ್ದು ಎಂದು ಅಲ್ಲಿ ಬರೆದಿತ್ತು.

"ಬೋರ್ಡು ಸರಿಯಾಗಿದೆ" ಎಂದು ನಿಯಮಪ್ಪನವರು ಸಮಾಧಾನದಿಂದ ಒಪ್ಪಿಕೊಂಡರು. "ಆದರೆ ಅದು ಸೈಕಲ್ಲಿಗೆ. ಇಟ್ಟಿಗೆ, ಸಿಮೆಂಟು, ಮರಳು ಬೇರೆ ಬೇರೆ ಗುಡ್ಡೆ ಹಾಕಿದ್ರೆ ಅದಕ್ಕೆ ಮನೆ ಅಂತೀರಾ ಸ್ವಾಮಿ? ಬಾಡಿಗೆ ಕೇಳ್ತೀರಾ? ಇದರ ಮೇಲೆ ಕೂತು ಪ್ಲಾಟ್‌ಫಾರಂ ಆ ತುದಿಗೆ ಹೋಗಿ ತೋರಿಸಿ, ಆಮೇಲೆ ಸೈಕಲ್ಲು ಅನ್ನಿ."

"ಸೈಕಲ್ಲಲ್ಲದಿದ್ರೆ ಮತ್ತೇನ್ರೀ ಇದು?"

"ಸಾಮಾನು."

"ಎಂಥಾ ಸಾಮಾನು?"

"ಬಿಡಿಭಾಗ."

ಈ ಕೊನೆಯ ಶಬ್ದ ಬಾಯಿಂದ ಬಿದ್ದದ್ದೇ ತಡ, ಕಂಬದ ಹಿಂದೆ ಹಲ್ಲು ಕಡ್ಡಿ ಆಡಿಸುತ್ತ ನಿಂತಿದ್ದ ಪೇದೆ ಹೊರಗೆ ಬಂದ. ನಿಲ್ದಾಣದ ಮುಂದಿನ ಸ್ಟ್ಯಾಂಡಿನಿಂದ ಆಗಾಗ ಸೈಕಲ್ಲುಗಳು ಮಾಯವಾಗುತ್ತಿದ್ದವು. ಕಳ್ಳರು ಅವನ್ನು ಬಿಚ್ಚಿ, ಮೂಟೆ ಕಟ್ಟಿ, ರೈಲು ಹತ್ತುತ್ತಾರೆಂದು ಮೇಲಿನವರು ಆ ಪೇದೆಗೆ ವಾರಗಟ್ಟಲೆಯಿಂದ ಬಯ್ಯುತ್ತಿದ್ದರು.

"ಯಾರ ಸೈಕಲ್ಲಿನ ಬಿಡಿಭಾಗ?" ಎಂದ ಪೇದೆ, ತುಂಬ ಮೃದುವಾಗಿ.

"ಯಾರದ್ದು ಅಂದ್ರೆ? ನಂದೇ ಸೈಕಲ್ಲು!"

"ಈಗ ತಾನೇ ಸೈಕಲ್ಲಲ್ಲ ಅಂದ್ರಲ್ಲ!" ಕಲೆಕ್ಟರು ಕುಣಿದಾಡಿಬಿಟ್ಟರು. "ಕೇಳಿಸ್ಕೊಂಡ್ರಾ? ಈಗ ತಾನೇ ಇಟ್ಟಿಗೆ ಸಿಮೆಂಟು ಅಂತಿದ್ರು!"

"ಸೈಕಲ್ಲೇ ಸ್ವಾಮಿ, ಆದರೆ ಸದ್ಯಕ್ಕೆ ಅಲ್ಲ!"

"ಬೆಳಿಗ್ಗೆವರೆಗೂ ಸೈಕಲ್ಲಾಗಿತ್ತೋ?" ಎಂದ ಪೇದೆ.

"ನಿನ್ನೆ ಮಧ್ಯಾಹ್ನದವರೆಗೆ ಆಗಿತ್ತು. ಆಮೇಲೆ ಪಕ್ಕದ ಮನೆಯವರು ಸೇರಿ ಬಿಚ್ಚಿದ್ವಿ."

"ಓಹೋ. ಒಬ್ಬರಲ್ಲ, ತಂಡ."

ನಿಯಮಪ್ಪನವರ ಕಿವಿ ಕೆಂಪಾಯಿತು. ಎಷ್ಟೋ ವರ್ಷ ಸರ್ಕಾರದ ಕುರ್ಚಿಯಲ್ಲಿ ಕೂತು ಒಂದು ನಲ್ಲಿಯ ತಿರುಪನ್ನೂ ಮನೆಗೆ ಒಯ್ಯದವರು ಅವರು. "ನಾನು ಯಾರು ಗೊತ್ತೇನ್ರೀ? ನಿಮ್ಮ ಸ್ಟೇಷನ್ನಿಗೆ ನೀರು ಬರೋದು ನಮ್ಮ ಇಲಾಖೆಯಿಂದ!" ಎಂದು ಗುಡುಗಿದರು.

"ಎಲ್ಲಿ ಬರ್ತಿದೆ?" ಎಂದು ಕಲೆಕ್ಟರು, ಪೇದೆ, ಬೆಂಚಿನ ಮೇಲಿದ್ದ ಪ್ರಯಾಣಿಕರು ಎಲ್ಲರೂ ಒಟ್ಟಿಗೆ ಕೇಳಿದರು.

ಅಲ್ಲಿಂದ ಮುಂದೆ ಜನರ ಕನಿಕರ ಪೂರ್ತಿಯಾಗಿ ಪೇದೆಯ ಕಡೆಗೆ ತಿರುಗಿತು. ಪೇದೆ ತೀರ್ಪು ಕೊಟ್ಟ. "ನಿಮ್ಮದೇ ಆದ್ರೆ ಜೋಡಿಸಿ ತೋರಿಸಿ. ಕದ್ದೋನಿಗೆ ಬಿಚ್ಚೋಕೆ ಬರುತ್ತೆ, ಜೋಡಿಸೋಕೆ ಬರಲ್ಲ."

ಅಂಗಡಿಯವನು ಹೇಳಿಕೊಟ್ಟಿದ್ದ ಮೂರು ಹಿಡಿಗಳ ಕೆಲಸ ನಿಯಮಪ್ಪನವರಿಗೆ ಬರುತ್ತಿತ್ತು. ಡ್ರಿಲ್ ಮೇಷ್ಟ್ರು ಬಿಚ್ಚಿಸಿದ ಮಿಕ್ಕದ್ದು ಬರುತ್ತಿರಲಿಲ್ಲ. ಆದರೂ ಅಂಗಿಯ ತೋಳು ಮಡಚಿ ಪ್ಲಾಟ್‌ಫಾರಂ ಮೇಲೆ ಮಂಡಿಯೂರಿದರು. ಸುತ್ತ ಜನ ಸೇರಿತು. ರಜೆಯ ಮೇಲೆ ಹೊರಟಿದ್ದ ಒಬ್ಬ ಹಲ್ಲಿನ ಡಾಕ್ಟರು, "ಬಿಡಿ, ಇದು ನಮ್ಮ ಕೆಲಸವೇ" ಎಂದು ಮುಂದೆ ಬಂದು ಒಂದೊಂದೇ ತಿರುಪನ್ನು ಅಲುಗಾಡಿಸಿ ನೋಡಿ, "ಇದು ಗಟ್ಟಿಯಿದೆ. ಇದು ಉಳಿಯಲ್ಲ, ತೆಗೀಲೇಬೇಕು" ಎನ್ನತೊಡಗಿದರು. ಹೊಲಿಗೆ ಯಂತ್ರ ಮಾರುವವನೊಬ್ಬ ಚೈನನ್ನು ಕೈಗೆತ್ತಿಕೊಂಡು, ಸೂಜಿಗೆ ದಾರ ಪೋಣಿಸುವ ಹಾಗೆ ಒಂದು ಕಣ್ಣು ಮುಚ್ಚಿ ಎಲ್ಲೆಲ್ಲೋ ಪೋಣಿಸಿದ. ಅವನು ಹಾಕಿದ್ದನ್ನು ಡಾಕ್ಟರು ಕಿತ್ತರು, ಡಾಕ್ಟರು ಬಿಗಿದದ್ದನ್ನು ಅವನು ಸಡಿಲಿಸಿದ. ಮಧ್ಯದಲ್ಲಿ ನಿಯಮಪ್ಪನವರು "ಅದು ಹಾಗಲ್ಲ, ಅದು ಹಾಗಲ್ಲ" ಎನ್ನುತ್ತಿದ್ದರು. ಹೇಗೆ ಎಂದು ಯಾರಾದರೂ ಕೇಳಿದರೆ ಸುಮ್ಮನಾಗುತ್ತಿದ್ದರು.

"ರೀ! ಹತ್ರೀ! ಹಸಿರು ದೀಪ ಬಿತ್ತು!" ಕಿಟಕಿಯಿಂದ ಹೆಂಡತಿ ಕೂಗಿದಳು.

"ಒಂದು ನಿಮಿಷ ಕಣೇ! ನನ್ನ ಕಳ್ಳ ಅಂದಿದ್ದಾರೆ!"

"ಅಂದ್ರೆ ಅನ್ಲಿ ಬಿಡಿ! ಅದನ್ನ ಅಲ್ಲೇ ಎಸೆದು ಹತ್ರೀ!"

"ಎಸೆದ್ರೆ ಒಪ್ಪಿಕೊಂಡ ಹಾಗಾಗುತ್ತೆ! ಇದು ತತ್ವದ ಪ್ರಶ್ನೆ!"

ರೈಲಿಗೆ ತತ್ವದ ಗೊಡವೆ ಇರಲಿಲ್ಲ. ಅದು ಹೊರಟಿತು. ಹೆಂಡತಿ, ಪೆಟ್ಟಿಗೆ, ಬುತ್ತಿ, ಫೋನು ಎಲ್ಲವೂ ಅವರ ಕಣ್ಣೆದುರೇ ಸರಿದು ಹೋದವು. ನಿಯಮಪ್ಪನವರು ಕೈಯಲ್ಲಿ ಪೆಡಲು ಹಿಡಿದು ನಾಲ್ಕು ಹೆಜ್ಜೆ ಓಡಿದರು. "ತಪ್ಪಿಸ್ಕೋಬೇಡಿ" ಎಂದು ಪೇದೆ ಕಾಲರು ಹಿಡಿದು ಹಿಂದಕ್ಕೆ ಕರೆತಂದ.

ಅಂತೂ ಇಂತೂ ಸೈಕಲ್ಲಿನ ಹಾಗೆ ಕಾಣುವ ಏನೋ ಒಂದು ಎದ್ದು ನಿಂತಿತು. ಮಡ್‌ಗಾರ್ಡು ಮಾತ್ರ ಎಲ್ಲಿಯದೆಂದು ತಿಳಿಯದೆ ಉಳಿಯಿತು. "ಇದು ಬೇಕಾಗಿಲ್ಲ, ಬುದ್ಧಿಹಲ್ಲಿನ ಹಾಗೆ" ಎಂದರು ಡಾಕ್ಟರು. ಪೇದೆ ಸುತ್ತಲೂ ಒಂದು ಸಲ ನೋಡಿ, "ಓಡುತ್ತೋ ಇಲ್ಲವೋ ನಾನೇ ಪರೀಕ್ಷೆ ಮಾಡ್ತೀನಿ" ಎಂದು ಟೊಪ್ಪಿ ಸರಿಮಾಡಿಕೊಂಡು ಹತ್ತಿ ಕೂತ.

ಓಡಿತು. ಬಹಳ ಚೆನ್ನಾಗಿ ಓಡಿತು. ಪ್ಲಾಟ್‌ಫಾರಂ ಕೊನೆಯಲ್ಲಿ ಸಾಮಾನಿನ ಗಾಡಿ ಇಳಿಸುವ ಇಳಿಜಾರು ಬಂದಾಗ ಪೇದೆ ಬ್ರೇಕು ಹಿಡಿಯಲು ಬೆರಳು ಚಾಚಿದ. ಬೆರಳಿಗೆ ಗಾಳಿ ಸಿಕ್ಕಿತು. ಬ್ರೇಕುಗಳು ಆ ಹೊತ್ತಿಗೆ ಹೆಂಡತಿಯ ಬಟ್ಟೆಗಳ ನಡುವೆ ಮುಂದಿನ ನಿಲ್ದಾಣ ದಾಟಿದ್ದವು.

"ಹಿಡೀರೋ! ಹಿಡೀರೋ!" ಎಂದು ಪೇದೆ ಕೂಗಿದ. ಆತ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದಾನೆಂದುಕೊಂಡು ಜನ ಗೌರವದಿಂದ ದಾರಿ ಬಿಟ್ಟರು. ಇಳಿಜಾರಿನ ಬುಡದಲ್ಲಿ ಪಾರ್ಸೆಲ್ ಕಚೇರಿ. ಅದರ ಬಾಗಿಲು ತೆರೆದೇ ಇತ್ತು. ಸೈಕಲ್ಲೂ ಪೇದೆಯೂ ಒಳಗೆ ಹೋಗಿ ಹಾಸಿಗೆ ಸುರುಳಿಗಳ ರಾಶಿಯಲ್ಲಿ ಮುಳುಗಿದರು. ಮೇಜಿನ ಹಿಂದೆ ಮೊಹರು ಒತ್ತುತ್ತಿದ್ದ ಪಾರ್ಸೆಲ್ ಗುಮಾಸ್ತ ತಲೆ ಕೂಡ ಎತ್ತಲಿಲ್ಲ.

"ಸೈಕಲ್ಲಿಗೆ ಬುಕಿಂಗ್ ಮುಗೀತು. ನಾಳೆ ಬನ್ನಿ."

ಪೇದೆ ಮೀಸೆಗೆಲ್ಲ ಹಾಸಿಗೆಯ ಹತ್ತಿ ಅಂಟಿಸಿಕೊಂಡು ಎದ್ದು ಬಂದ. ಕೇಸು ಬರೆದರೆ ತಾನು ಬಿದ್ದದ್ದನ್ನೂ ಬರೆಯಬೇಕಾಗುತ್ತದೆಂದು ಅವನಿಗೆ ಹೊಳೆದಿರಬೇಕು. "ತಗೊಂಡು ತೊಲಗಿ. ಈ ಸ್ಟೇಷನ್ ಸುತ್ತ ಇದು ಮತ್ತೆ ಕಾಣಿಸಬಾರದು, ಜೋಡಿಸಿದ್ರೂ ಸರಿ, ಬಿಚ್ಚಿದ್ರೂ ಸರಿ" ಎಂದ.

ಊಟವಿಲ್ಲ, ಹೆಂಡತಿಯಿಲ್ಲ. ಒಬ್ಬನೇ ಒಬ್ಬ ಕ್ಷಮೆ ಕೇಳಿರಲಿಲ್ಲ. ನಿಯಮಪ್ಪನವರು ಗುಡ್ಡದೂರಿಗೆ ಹೋಗುವ ಹೆದ್ದಾರಿಯ ಅಂಚಿನಲ್ಲಿ ಸೈಕಲ್ಲು ಹಿಡಿದು ನಿಂತು, ರೈಲ್ವೆ ಇಲಾಖೆಗೆ ಕಳಿಸಬೇಕಾದ ಬಯ್ಗುಳಗಳನ್ನು ಗಟ್ಟಿಯಾಗಿ ಒಪ್ಪಮಾಡಿಕೊಳ್ಳುತ್ತಿದ್ದಾಗ ಒಂದು ಲಾರಿ ನಿಂತಿತು. ಮೇಲೆ ಆಕಾಶಕ್ಕೆ ತಾಗುವಂತೆ ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿತ್ತು.

"ಗುಡ್ಡದೂರಾ ಸಾರ್? ಹತ್ತಿ" ಎಂದ ಡ್ರೈವರು.

"ಮೊದಲು ಒಂದು ವಿಷಯ ಸ್ಪಷ್ಟವಾಗ್ಲಿ" ಎಂದರು ನಿಯಮಪ್ಪನವರು, ಎದೆ ಸೆಟೆಸಿ. "ಇದು ನಿಮ್ಮ ಪ್ರಕಾರ ಸೈಕಲ್ಲೋ ಲಗೇಜೋ?"

ಡ್ರೈವರು ಕೆಳಗೆ ಬಗ್ಗಿ ನೋಡಿದ. "ಏನಾದ್ರೆ ನಂಗೇನು ಸಾರ್, ಮೇಲೆ ಹಾಕಿ."

ಬೆಳಗಿನಿಂದ ಇಂಥ ಒಂದು ಮಾತನ್ನು ಅವರು ಕೇಳಿರಲಿಲ್ಲ. ಸೈಕಲ್ಲನ್ನು ಕುರ್ಚಿಗಳ ಮೇಲೆ ಏರಿಸಿ ಹಗ್ಗ ಬಿಗಿಯುವಾಗ ಸೀಟು ಅಡ್ಡ ಬಂತು. ಅದು ಹೇಗೂ ಅಲ್ಲಾಡುತ್ತಲೇ ಇತ್ತು. ಕಿತ್ತು ಡ್ರೈವರಿನ ಪಕ್ಕ ಕಾಲಬುಡದಲ್ಲಿ ಇಟ್ಟುಕೊಂಡರು. ದಾರಿಯುದ್ದಕ್ಕೂ ನಿಯಮಪ್ಪನವರು ತಮಗಾದ ಅನ್ಯಾಯವನ್ನು ಬಣ್ಣಿಸಿದರು. ಡ್ರೈವರು ತನ್ನ ಅರ್ಧ ರೊಟ್ಟಿಯನ್ನು ಅವರಿಗೆ ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡ.

"ಪೊಲೀಸ್ನೋರು ಬಿಡಿ ಸಾರ್, ಅದೇನು ದೊಡ್ಡದಲ್ಲ" ಎಂದ ಕೊನೆಗೆ. "ಮನೆಯೋರು ರೈಲಲ್ಲಿ ಮುಂದೆ ಹೋಗಿದ್ದಾರಲ್ಲ, ಅವರು ಅಲ್ಲಿ ಏನು ಹೇಳಿರ್ತಾರೋ ಅದನ್ನ ಯೋಚನೆ ಮಾಡಿ. ಅವರು ಏನು ಹೇಳಿದ್ದಾರೋ ಅದೇ ನಡೆದದ್ದು ಅನ್ಕೊಂಡ್ರೆ ನಿಮಗೆ ಒಳ್ಳೇದು. ನಂಗೂ ಮನೆಯಿದೆ ಸಾರ್."

"ನಡೆದದ್ದನ್ನ ನಡೆದ ಹಾಗೆ ಹೇಳೋಕೆ ನನಗ್ಯಾವ ಭಯ!" ಎಂದರು ನಿಯಮಪ್ಪನವರು.

ಏರಿನ ಬುಡದ ತಿರುವಿನಲ್ಲಿ ಲಾರಿ ನಿಂತಿತು. ಕುರ್ಚಿಗಳು ಕೆಳಗಿನ ಪೇಟೆಗೆ ಹೋಗಬೇಕಿತ್ತು. ಮೇಲೆ ತುದಿಯಲ್ಲಿರುವ ಹಳದಿ ಮನೆಯೇ ತಾವು ಸೇರಬೇಕಾದ್ದು ಎಂದು ತೋರಿಸಿ, ಸೈಕಲ್ಲನ್ನು ಮಾತ್ರ ಇಳಿಸಿಕೊಂಡು, ನಿಯಮಪ್ಪನವರು ಏರಿನ ಕಡೆ ಮುಖ ಮಾಡಿದರು. ಆಡಿದ ಮಾತು ಆಡಿದ್ದೇ. ಕಾಲೆತ್ತಿ ಹತ್ತಿದರು. ಕೂರಲು ಹೋದಾಗ ಸೀಟು ಇಲ್ಲವೆಂಬುದು ತುಂಬಾ ಸ್ಪಷ್ಟವಾಗಿ ತಿಳಿಯಿತು. ತಿರುಗಿ ನೋಡಿದರೆ ಲಾರಿ ಮರೆಯಾಗಿತ್ತು.

ಮುಕ್ಕಾಲು ಏರನ್ನು ಅವರು ತಳ್ಳಿಕೊಂಡೇ ಹತ್ತಿದರೆಂದು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಕೊನೆಯ ತಿರುವಿಗೆ ಬಂದಾಗ ಮೇಲಿನಿಂದ ಚಪ್ಪಾಳೆಯ ಸದ್ದು ಕೇಳಿತು. ತಲೆಯೆತ್ತಿದರೆ ಹಳದಿ ಮನೆಯ ಮುಂದೆ ಹತ್ತಾರು ಜನ. ಷಡ್ಡಕ, ನಾದಿನಿ, ಅತ್ತೆ, ಬ್ಯಾಂಕಿನ ಇಬ್ಬರು ಗುಮಾಸ್ತರು, ಎದುರು ಮನೆ, ಪಕ್ಕದ ಮನೆ. ನಿಯಮಪ್ಪನವರು ಗಾಬರಿಯಿಂದ ಪೆಡಲು ಹತ್ತಿ ನಿಂತು, ನಿಂತೇ ತುಳಿಯುತ್ತ, ನಾಲಗೆ ಹೊರಗೆ ಚಾಚಿಕೊಂಡು ಗೇಟು ತಲುಪಿದರು. ಗೇಟಿನಲ್ಲಿ ಮುಂದಿನ ಚಕ್ರ ಹಲ್ಲಿನ ಡಾಕ್ಟರ ಬಿಗಿತದಿಂದ ಕಳಚಿಕೊಂಡು, ತಾನಾಗಿಯೇ ಉರುಳುತ್ತ ಹೋಗಿ ಷಡ್ಡಕನ ಕಾಲಬುಡದಲ್ಲಿ ಮಲಗಿತು.

"ಅಬ್ಬಬ್ಬಾ!" ಎಂದ ಷಡ್ಡಕ. "ಇಷ್ಟು ಸಲೀಸಾಗಿ ಬಿಚ್ಚುತ್ತಾ ಭಾವ!"

ಅತ್ತ ನಡೆದಿದ್ದದ್ದು ಇಷ್ಟು. ರೈಲಿಳಿದ ಅಕ್ಕನನ್ನು ತಂಗಿ "ಭಾವ ಎಲ್ಲಿ?" ಎಂದು ಕೇಳಿದ್ದಳು. ಗಂಡನ ಕಾಲರು ಪೊಲೀಸರ ಕೈಯಲ್ಲಿದೆ ಎಂದು ತಂಗಿಯ ಗಂಡನೆದುರು ಯಾವ ಹೆಂಗಸು ಹೇಳುತ್ತಾಳೆ? "ಸೈಕಲ್ಲಲ್ಲಿ ಬರ್ತಿದ್ದಾರೆ" ಎಂದುಬಿಟ್ಟಳು. ಅಷ್ಟು ದೂರವೇ, ಎಂದು ಷಡ್ಡಕ ನಕ್ಕಿದ್ದ. ಆಕೆಗೆ ರೇಗಿತು. ಪೆಟ್ಟಿಗೆ ತೆರೆದು ಬ್ರೇಕುಗಳನ್ನು ಅವನ ಮುಖದೆದುರು ಹಿಡಿದಿದ್ದಳು. "ಬ್ರೇಕೇ ಬೇಡ, ನಾನು ನಿಲ್ಲೋದಿಲ್ಲ ಅಂತ ನನ್ನ ಕೈಗೆ ಕೊಟ್ಟು ಹೊರಟಿದ್ದಾರೆ."

"ಸೀಟೂ ಇಲ್ಲ ನೋಡ್ರೀ!" ಎಂದು ಬ್ಯಾಂಕಿನ ಗುಮಾಸ್ತನೊಬ್ಬ ಈಗ ಕೂಗಿದ. "ನಿಂತ್ಕೊಂಡೇ ಬಂದಿದ್ದಾರೆ!" ಜನ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಷಡ್ಡಕ ತನ್ನ ಗಡಿಯಾರವನ್ನು ಅಂಗಿಯ ತೋಳಿನೊಳಗೆ ಮೆಲ್ಲಗೆ ಸರಿಸಿಕೊಂಡ.

"ಸುಳ್ಳು!" ಎಂಬ ದನಿ ಮಹಡಿಯ ಮೇಲಿನಿಂದ ಬಂತು. "ಶುದ್ಧ ಸುಳ್ಳು! ಲಾರಿಯಿಂದ ಇಳಿದ್ರು!"

ಅದು ಮಾವ. ಇತ್ತೀಚೆಗೆ ಕಣ್ಣಿನ ಪೊರೆ ತೆಗೆಸಿಕೊಂಡ ಅವರು ಹೊಸ ನೋಟದ ಸಂಭ್ರಮದಲ್ಲಿ ದಿನವಿಡೀ ಮಹಡಿಯಲ್ಲಿ ಕೂತು, ಕಂಡದ್ದನ್ನೆಲ್ಲ ಊರಿಗೆ ಹೇಳುತ್ತಿದ್ದರು. "ಕೆಂಪು ಕುರ್ಚಿ ತುಂಬಿದ್ದ ಲಾರಿ! ಕೆಳಗಿನ ತಿರುವಲ್ಲಿ! ಅಳಿಯಂದಿರು ಇಳಿದು, ಸೈಕಲ್ ತಳ್ಕೊಂಡು ಬಂದ್ರು! ಈ ಕಣ್ಣಾರೆ ಕಂಡೆ!"

"ಶುರುವಾಯ್ತು" ಎಂದರು ಅತ್ತೆ. "ಒಗೆದು ಹಾಕಿದ್ದ ಹೊದಿಕೆ ನೋಡಿ, ಬ್ಯಾಂಕಿನ ದೊಡ್ಡ ಸಾಹೇಬರು ಬಂದ್ರು ಅಂತ ನಮಸ್ಕಾರ ಮಾಡಿದೋರಲ್ವೇ ನೀವು?"

"ಅದು ಆಪರೇಷನ್‌ಗೆ ಮುಂಚೆ ಕಣೇ!"

"ಕಣ್ಣಿಗಿನ್ನೂ ನೆಲೆ ನಿಂತಿಲ್ಲ ಅಪ್ಪ, ಔಷಧಿ ಹಾಕ್ತೀನಿ ಇರಿ" ಎಂದಳು ನಾದಿನಿ.

ಮಾವ ಸಿಟ್ಟಿನಿಂದ ನಡುಗುತ್ತ ಮೆಟ್ಟಿಲಿಳಿದು ಬಂದರು. ಆ ಮುಖ ನೋಡಿ ನಿಯಮಪ್ಪನವರಿಗೆ ಪ್ಲಾಟ್‌ಫಾರಂ ಮೇಲೆ ನಿಂತಿದ್ದ ತಾವೇ ಕಂಡರು. ನಿಜ ಹೇಳಿದವನನ್ನು ಸುತ್ತ ನಿಂತು ನಗುವುದೆಂದರೇನು! ಅವರ ರಕ್ತ ಕುದಿಯಿತು. "ಮಾವ ಹೇಳ್ತಿರೋದೇ ಸರಿ!" ಎಂದು ಎಲ್ಲರಿಗೂ ಕೇಳುವಂತೆ ಸಾರಿದರು. "ನಾನು ಬಂದಿದ್ದು ಲಾರಿಯಲ್ಲೇ. ಸೈಕಲ್ ತಳ್ಕೊಂಡೇ ಹತ್ತಿದ್ದು!"

ಅತ್ತೆ ಕಣ್ಣೊರೆಸಿಕೊಂಡರು. "ನೋಡಿದ್ರಾ? ಹಿರಿಯರ ಮನಸ್ಸು ನೋಯಬಾರದು ಅಂತ ತಮ್ಮ ಸಾಹಸವನ್ನೇ ಬಿಟ್ಟುಕೊಡ್ತಿದ್ದಾರೆ."

"ದೊಡ್ಡ ಗುಣ" ಎಂದಿತು ಎದುರು ಮನೆ.

"ಗುಣ ಅಲ್ರೀ, ಲಾರಿ!" ನಿಯಮಪ್ಪನವರು ಕಾಲು ನೆಲಕ್ಕೆ ಅಪ್ಪಳಿಸಿದರು. "ನಾನು ನಿಜ ಹೇಳ್ತಿದ್ದೀನಿ! ಬೆಳಿಗ್ಗೆಯಿಂದ ನಿಜಾನೇ ಹೇಳ್ತಿದ್ದೀನಿ! ಒಬ್ಬನಾದ್ರೂ ಕೇಳ್ತಾನಾ?"

ಹೆಂಡತಿ ಬ್ರೇಕುಗಳನ್ನು ಕೈಯಲ್ಲಿ ಹಿಡಿದು ಗಂಡನನ್ನು ನೋಡಿದಳು. ಆ ನೋಟದ ಅರ್ಥ ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಗುರುಗುಟ್ಟುವ ಸದ್ದು ಏರುತ್ತ ಬಂತು. ಕುರ್ಚಿಗಳನ್ನು ಇಳಿಸಿ ಖಾಲಿಯಾದ ಲಾರಿ ಗೇಟಿನ ಮುಂದೆ ನಿಂತಿತು. ಡ್ರೈವರು ಸೀಟು ಹಿಡಿದು ಇಳಿದ.

"ಬಂತಾ? ಬಂತಾ ಲಾರಿ?" ಮಾವ ಆ ಸೀಟನ್ನು ಕಸಿದುಕೊಂಡು ಒಬ್ಬೊಬ್ಬರ ಮೂಗಿನ ಮುಂದೂ ಹಿಡಿದು ತೋರಿಸಿದರು. "ಇದೇನು? ಹೇಳ್ರೀ, ಇದೇನು? ಸೀಟು! ಎಲ್ಲಿಂದ ಬಂತು? ಲಾರಿಯಿಂದ!"

ಷಡ್ಡಕನ ಗಡಿಯಾರ ಮೆಲ್ಲಗೆ ತೋಳಿನಿಂದ ಹೊರಗೆ ಬರತೊಡಗಿತು. ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು. ಆಕೆಯ ದನಿ ಒಂದಿಷ್ಟೂ ಅಳುಕಲಿಲ್ಲ.

"ಲಾರಿಯಿಂದಲೇ ಅಪ್ಪ. ಭಾರ ಕಮ್ಮಿಯಾಗ್ಲಿ ಅಂತ ಸೀಟನ್ನ ಲಾರಿಯಲ್ಲಿ ಕಳಿಸಿದ್ರು."

"ಓಹೋಹೋ!" ಎಂದರು ಎಲ್ಲರೂ. ಗಡಿಯಾರ ಮತ್ತೆ ಒಳಗೆ ಹೋಯಿತು.

ಮಾವನ ಕೈ ಜೋತುಬಿತ್ತು. ನಿಯಮಪ್ಪನವರು ತಡೆಯಲಾರದೆ ಡ್ರೈವರನ್ನು ಭುಜ ಹಿಡಿದು ನಡುವೆ ನಿಲ್ಲಿಸಿದರು. "ನೀನೇ ಹೇಳಪ್ಪ. ನಾನು ನಿನ್ನ ಲಾರಿಯಲ್ಲಿ ಬಂದೆನೋ ಇಲ್ಲವೋ?"

ಡ್ರೈವರು ನಿಯಮಪ್ಪನವರನ್ನು ನೋಡಿದ. ಬ್ರೇಕು ಹಿಡಿದು ನಿಂತ ಹೆಂಡತಿಯನ್ನು ನೋಡಿದ. ಅವನದು ಕನಿಕರದ ಮನಸ್ಸು.

"ಇವರು ಯಾರೋ ನಂಗೊತ್ತಿಲ್ಲಮ್ಮ" ಎಂದ. "ಸೀಟು ಕೊಟ್ರು, ತಂದೆ" ಎಂದು ನಿಯಮಪ್ಪನವರ ಕಡೆಗೆ, ಉಪಕಾರ ಮಾಡಿದವನ ಹಾಗೆ ಕಣ್ಣು ಹೊಡೆದ.

ಇದಾದ ಮೇಲೆ ಮಾವ ಯಾರೊಂದಿಗೂ ವಾದಕ್ಕೆ ನಿಲ್ಲಲಿಲ್ಲ. ಔಷಧಿ ಸೀಸೆ ಹಿಡಿದು ಬಂದ ಮಗಳನ್ನು ಪಕ್ಕಕ್ಕೆ ಸರಿಸಿ, ನೇರವಾಗಿ ಲಾರಿಯ ಹತ್ತಿರ ಹೋಗಿ, ಬಾಗಿಲು ತೆರೆದು, ಒಂದು ಕಾಲು ಮೇಲಿಟ್ಟು ಕರೆದರು. "ಬನ್ನಿ ಅಳಿಯಂದಿರೇ. ಹತ್ತಿ."

ನಿಯಮಪ್ಪನವರು ಮರುಮಾತಿಲ್ಲದೆ ಹತ್ತಿದರು. ಗೊಂದಲಕ್ಕೆ ಬಿದ್ದ ಡ್ರೈವರು ಓಡಿಬಂದು ತನ್ನ ಜಾಗದಲ್ಲಿ ಕೂತ. "ಕೆಳಗಿನ ತಿರುವಿಗೆ ನಡಿ" ಎಂದು ಮಾವ ಅಪ್ಪಣೆ ಕೊಟ್ಟರು. ಲಾರಿ ಇಳಿದು, ತಿರುವಿನಲ್ಲಿ ಸುತ್ತು ಹೊಡೆದು, ಹಾರನ್ನು ಬಾರಿಸುತ್ತ ಮತ್ತೆ ಏರಿ ಬಂದು ಗೇಟಿನ ಮುಂದೆ ನಿಂತಿತು. ಮಾವ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿದರು.

"ಈಗ ಹೇಳ್ರೀ! ಇದೇನು?"

"ಲಾರಿ" ಎಂದರು ಎಲ್ಲರೂ, ತಗ್ಗಿದ ದನಿಯಲ್ಲಿ.

"ಒಳಗೆ ಯಾರಿದ್ದಾರೆ?"

ಷಡ್ಡಕನೇ ಹೇಳಿದ, "ಭಾವ."

"ಹಾಗಾದ್ರೆ ಭಾವ ಬಂದದ್ದು ಯಾವುದರಲ್ಲಿ?"

"ಲಾರಿಯಲ್ಲಿ ಮಾವ."

"ಆಂ? ಗಟ್ಟಿಯಾಗಿ!"

"ಲಾರಿಯಲ್ಲಿ!"

ಮಾವ ತೃಪ್ತಿಯಿಂದ ಒಳಗೆ ಒರಗಿ ಕಣ್ಣು ಮುಚ್ಚಿದರು. ಬೆಳಗಿನಿಂದ ಮೊದಲ ಬಾರಿಗೆ ಒಂದು ಸತ್ಯ ಸರಿಯಾದ ಕಿಟಕಿಯಲ್ಲಿ ಸ್ವೀಕಾರವಾಗಿತ್ತು. ನಿಯಮಪ್ಪನವರ ಎದೆಯೂ ಹಗುರಾಯಿತು. ಇಳಿಯಲು ಬಾಗಿಲಿನ ಹಿಡಿಗೆ ಕೈ ಹಾಕಿದರು. ಅದೇ ಹೊತ್ತಿಗೆ ಗೇಟಿನ ಬಳಿ ಹೆಂಡತಿ ಕಂಡಳು. ಎಲ್ಲರೂ ಹಿಂದೆ ಸರಿದಿದ್ದರು, ಆಕೆ ಮಾತ್ರ ಎರಡೂ ಕೈಗಳಲ್ಲಿ ಒಂದೊಂದು ಬ್ರೇಕು ಹಿಡಿದು, ಗಂಡ ಇಳಿಯುವುದನ್ನೇ ಕಾಯುತ್ತ ನಿಂತಿದ್ದಳು.

ನಿಯಮಪ್ಪನವರು ಬಾಗಿಲನ್ನು ಮೆಲ್ಲಗೆ ಮತ್ತೆ ಎಳೆದುಕೊಂಡರು.

"ಇನ್ನೊಂದು ಸುತ್ತು ಹೋಗೋಣ ಕಣಪ್ಪ" ಎಂದರು ಡ್ರೈವರಿಗೆ.